ಬಸ್ಸಿನಲ್ಲಿ ಹೋದ ಬುತ್ತಿ

ನನ್ನ ಫೋನಿಗೆ ನನ್ನ ಚಟ ಗೊತ್ತಾಗಿಬಿಟ್ಟಿದೆ. 'ಉ' ಎಂದು ಒಂದಕ್ಷರ ಒತ್ತಿದರೆ ಸಾಕು, ಮೇಲೆ ತಾನಾಗಿ 'ಉಂಡ್ಯಾ' ಎಂದು ಬಂದು ನಿಲ್ಲುತ್ತದೆ. ಉಪ್ಪು, ಉಪವಾಸ, ಉಸಾಬರಿ ಎಲ್ಲ ಅದರ ಹಿಂದೆ ಸರದಿಗೆ ಕಾಯಬೇಕು. ಟೈಪ್ ಮಾಡುವುದನ್ನು ಕಲಿತು ಬಹಳ ದಿನವಾಗಿಲ್ಲ. ಅಷ್ಟರಲ್ಲೇ ಇದು ನನ್ನನ್ನು ಓದಿಕೊಂಡಿತಲ್ಲ ಎಂದು ಒಂದು ಕಡೆ ನಾಚಿಕೆ. ಇನ್ನೊಂದು ಕಡೆ, ಜೀವಮಾನವಿಡೀ ಜೊತೆಗಿದ್ದ ಗಂಡ ಕೂಡ ನಾನು ಬಾಯಿ ತೆಗೆಯುವ ಮೊದಲೇ ಮಾತು ಹಿಡಿದದ್ದಿಲ್ಲವಲ್ಲ ಎಂದು ಫೋನಿನ ಮೇಲೆ ಅಭಿಮಾನ.

'ಉಂಡ್ಯಾ' ಎಂದು ನಾನು ಕೇಳುವುದು ಮೊಮ್ಮಗಳು ಗಿರಿಜೆಯನ್ನು. ಅವಳು ಅನಂತಪುರದ ಕಡೆ ಯೂನಿವರ್ಸಿಟಿಯಲ್ಲಿ ಎಂ.ಎಸ್ಸಿ. ಕೊನೆಯ ವರ್ಷ, ಹಾಸ್ಟೆಲಿನಲ್ಲಿದ್ದಾಳೆ. ನಾನು ರಾಯದುರ್ಗದಲ್ಲಿ ಗುಡ್ಡದ ಕೆಳಗಿನ ಮನೆಯಲ್ಲಿ ಮಗ ಸೊಸೆಯ ಜೊತೆ. ಅವರಿಬ್ಬರೂ ಬೆಳಗಾದರೆ ಜೀನ್ಸ್ ಪ್ಯಾಂಟು ಹೊಲಿಯಲು ಹೋಗುತ್ತಾರೆ. ಅವರು ಹೋದ ಮೇಲೆ ಈ ಮನೆಯಲ್ಲಿ ನಾನು ಹೇಳಿದಂತೆ ಕೇಳುವುದು ಒಲೆಯೊಂದೇ. ಮೊದಮೊದಲು ಫೋನ್ ಮಾಡಿಯೇ ಕೇಳುತ್ತಿದ್ದೆ. ಕ್ಲಾಸಿನ ನಡುವೆ ನನ್ನ ಕರೆ ಕಿರುಚಿಕೊಳ್ಳುತ್ತದೆಂದು ರಜೆಗೆ ಬಂದಾಗ ಗಿರಿಜೆ ಟೈಪ್ ಮಾಡುವುದನ್ನು ಕಲಿಸಿದಳು. ಅಜ್ಜಿಯ ಬಾಯಿ ಮುಚ್ಚಿಸಲು ಬೆರಳು ಬಿಚ್ಚಿಸಿದಳು.

ಬುತ್ತಿಯ ಕಥೆ ಶುರುವಾಗುವುದು ಅದಕ್ಕೂ ಬಹಳ ಹಿಂದೆ. ನನ್ನ ತವರು ಮಡಕಶಿರಾ ಕಡೆ. ಅಲ್ಲಿ ಮುದ್ದೆ, ಇಲ್ಲಿ ರೊಟ್ಟಿ. ಮದುವೆಯಾಗಿ ಬಂದ ಹೊಸತರಲ್ಲಿ, ನುಂಗುವ ಊರಿನಿಂದ ಅಗಿಯುವ ಊರಿಗೆ ಬಿದ್ದೆನಲ್ಲ ಎಂದು ದವಡೆ ನೋವಿಗೆ ಅತ್ತವಳು ನಾನು. ಈಗ ಹಲ್ಲು ಹೋಗಿ ಮತ್ತೆ ಮುದ್ದೆಗೆ ಬಂದಿದ್ದೇನೆ. ತವರಿನಲ್ಲಿ ನಮ್ಮಣ್ಣ ಹಿಂದೂಪುರದ ಕಾಲೇಜಿಗೆ ಸೇರಿದಾಗ ಅವ್ವ ದಿನಾ ಬೆಳಗಿನ ಬಸ್ಸಿಗೆ ಕ್ಯಾರಿಯರ್ ಕಟ್ಟಿ ಕಳಿಸುತ್ತಿದ್ದಳು. ಹಾಗೆ ಕಳಿಸದ ಮನೆಯೇ ಇರಲಿಲ್ಲ. ಬಸ್ಸಿನ ಬಾನೆಟ್ಟಿನ ಮೇಲೆ ಊರಿನ ಅಷ್ಟೂ ಅಡುಗೆಮನೆಗಳು ಸಾಲಾಗಿ ಕೂತು ಪ್ರಯಾಣ ಮಾಡುತ್ತಿದ್ದವು. ಗುರುತಿಗೆ ಒಬ್ಬೊಬ್ಬರದು ಒಂದೊಂದು ಬಟ್ಟೆ. ನಮ್ಮದು ಅವ್ವನ ಹಳೇ ಸೀರೆಯ ಕೆಂಪು ಅಂಚು.

ಗಿರಿಜೆಯ ಅಡ್ಮಿಷನ್ ಆದ ದಿನ ಆ ಕೆಂಪು ಅಂಚು ನನ್ನ ಕಣ್ಣ ಮುಂದೆ ಹಾರಾಡಿತು. ಕ್ಯಾರಿಯರ್ ಹುಡುಕಿ ಅಟ್ಟದಿಂದ ಇಳಿಸಿದೆ. ಸೊಸೆ ಶಾಂತಾ ತಡೆದು ನೋಡಿದಳು.

"ಅಲ್ಲಿ ಮೆಸ್ ಐತ್ರಿ ಅತ್ತೆಮ್ಮಾ. ಅಷ್ಟೂ ಮಕ್ಳು ಅಲ್ಲೇ ಉಣ್ತಾವು. ನೀವ್ಯಾಕ ತ್ರಾಸ ತಗೊಂತೀರಿ?"

"ಅಷ್ಟೂ ಮಕ್ಳಿಗೆ ಒಂದೇ ಹಂಡೇದಾಗ ಕುದಿಸಿದ್ದು ಅಡಿಗಿ ಅಲ್ಲವ್ವ, ಮುಸುರಿ. ಅದನ್ನ ಎಮ್ಮಿಗೆ ಇಡ್ತಾರ."

"ಹಂಗಾರ ಓದಿದೋರೆಲ್ಲಾ ಎಮ್ಮಿಗಳೇನ್ರಿ?"

"ಕೆಲವ್ರನ್ನ ನೋಡಿದ್ರ ಹಂಗ ಅನ್ನಿಸ್ತೈತಿ" ಎಂದು ಮಾತು ಮುಗಿಸಿದೆ. ಮಾತಿನಲ್ಲಿ ಗೆದ್ದೆ. ಗೆದ್ದ ಮಾತುಗಳೇ ಮುಂದೆ ಕುತ್ತಿಗೆಗೆ ಬರುವುದು ಎಂದು ಆಗ ಯಾರಾದರೂ ಹೇಳಬಾರದಿತ್ತೇ!

ಅಂದಿನಿಂದ ನಸುಕಿನಲ್ಲೇ ರೊಟ್ಟಿ ಬಡಿದು, ಬದನೆಕಾಯಿ ಎಣ್ಣೆಗಾಯಿಯೋ ಹಿಟ್ಟಿನ ಪಲ್ಯವೋ ಮಾಡಿ, ಶೇಂಗಾ ಪುಡಿ, ಮೊಸರನ್ನ ಎಲ್ಲ ತುಂಬಿ, ಕೆಂಪು ಬಟ್ಟೆ ಕಟ್ಟಿ ಅನಂತಪುರದ ಬಸ್ಸಿಗೆ ಕೊಟ್ಟುಬರುವುದು ನನ್ನ ನೌಕರಿಯಾಯಿತು. ಕಂಡಕ್ಟರ್ ಒಳ್ಳೆಯವನು, ಆದರೆ ಮೂಗು ಚುರುಕು.

"ಅಜ್ಜಿ, ನಿಮ್ಮ ಎಣ್ಣೆಗಾಯಿ ವಾಸ್ನಿಗೆ ಕಲ್ಯಾಣದುರ್ಗದಾಗ ಇಳಿಯೋರು ಇಳಿಯವಲ್ರು ನೋಡ್ರಿ."

"ಮುಂದಿನ ಊರಿಗೆ ಟಿಕೆಟ್ ಹರಿ. ಕ್ಯಾರಿಯರ್ ಮಾತ್ರ ಮುಟ್ಟಬ್ಯಾಡ."

ಅನಂತಪುರದ ಬಸ್ ಸ್ಟ್ಯಾಂಡಿನಿಂದ ಯೂನಿವರ್ಸಿಟಿಯ ಕಡೆಯ ಆಟೋದವನೊಬ್ಬ ಅದನ್ನು ಒಯ್ದು ಗೇಟಿನ ಮುಂದಿನ ಬಜ್ಜಿ ಅಂಗಡಿಯಲ್ಲಿ ಇಡುತ್ತಿದ್ದ. ಗಿರಿಜೆ ತೆಗೆದುಕೊಳ್ಳುತ್ತಿದ್ದಳು. ಸಂಜೆಯ ಬಸ್ಸಿಗೆ ಖಾಲಿ ಕ್ಯಾರಿಯರ್ ಮನೆಗೆ. ಬರುವಷ್ಟರಲ್ಲಿ ಅದು ಲಕಲಕ ತೊಳೆದಿರುತ್ತಿತ್ತು. ಒಂದು ಅಗಳೂ ಉಳಿಸಿಲ್ಲ ನೋಡು ಎಂದು ಬೀದಿಗೆಲ್ಲ ತೋರಿಸುತ್ತಿದ್ದೆ. ಮಧ್ಯಾಹ್ನ 'ಉಂಡ್ಯಾ' ಎಂದು ಕಳಿಸಿದರೆ 'ಉಂಡೆ ಅಜ್ಜಿ, ಚೊಲೋ ಇತ್ತು' ಎಂದು ಉತ್ತರ. ನಾನೂ ಮರೆಯದೆ ಒಂದು ಬುದ್ಧಿಮಾತು ಸೇರಿಸುತ್ತಿದ್ದೆ: 'ಯಾರಿಗೂ ಕೊಡಬ್ಯಾಡ. ನೀನ ಉಣ್ಣು. ಬಡಕಲಾಗೀದಿ.'

ಹೀಗೇ ನಡೆದಿತ್ತು. ಮೊನ್ನೆ ಅವಳ ಹುಟ್ಟುಹಬ್ಬಕ್ಕೆ ಹೋಳಿಗೆ ತುಂಬಿಕೊಂಡು ಹೋದರೆ ಬಸ್ಸಿನಲ್ಲಿ ಹೊಸ ಕಂಡಕ್ಟರ್. "ಆಳಿಲ್ಲದ ಸಾಮಾನು ನಾ ಒಯ್ಯಲ್ರಿ" ಎಂದ.

"ಇದು ಸಾಮಾನಲ್ಲಪ್ಪ, ಬುತ್ತಿ."

"ಬುತ್ತಿ ಜೋಡಿ ನೀವೂ ಹತ್ರಿ, ನನಗೇನು?"

ಹತ್ತಿಬಿಟ್ಟೆ. ಮನೆಯ ಬಾಗಿಲು ಬರೀ ಚಿಲಕ ಹಾಕಿದ್ದು ಬಸ್ಸು ಊರು ದಾಟಿದ ಮೇಲೆ ನೆನಪಾಯಿತು. ಹೋದರೆ ಏನು ಹೋದೀತು, ಇರುವುದರಲ್ಲಿ ಬೆಲೆಬಾಳುವುದು ನನ್ನ ತೊಡೆಯ ಮೇಲೆಯೇ ಇತ್ತು.

ಗೇಟಿನ ಮುಂದೆ ಇಳಿದರೆ ಬಜ್ಜಿಯ ಘಾಟು. ಬಾಣಲೆಯ ಮುಂದೆ ನನ್ನ ಸೊಸೆಯ ವಯಸ್ಸಿನ ಹೆಂಗಸು. ನಾನು ತೆಲುಗು ಶುರುಮಾಡುವಷ್ಟರಲ್ಲಿ ನನ್ನ ಕೈಯಲ್ಲಿದ್ದ ಕೆಂಪು ಬಟ್ಟೆ ನೋಡಿ ಕನ್ನಡದಲ್ಲೇ ಕೂಗಿದಳು. ಅವಳ ತವರು ಕಣೇಕಲ್ಲಂತೆ.

"ಅಯ್ಯ, ಕ್ಯಾರಿಯರ್ ಹುಡುಗಿ ಅಜ್ಜಿ ಏನ್ರಿ ನೀವು! ಕೂಡ್ರಿ, ಕೂಡ್ರಿ."

"ಯಾಕ, ಅಕಿಗೆ ಹೆಸರಿಲ್ಲೇನವ್ವ?"

"ಇದ್ದೀತು. ಇಲ್ಲಿ ಎಲ್ಲಾರೂ ಹಂಗ ಅಂತಾರ್ರಿ."

ಮೊಮ್ಮಗಳು ನನ್ನ ಕ್ಯಾರಿಯರಿನಿಂದ ಪ್ರಖ್ಯಾತಳಾಗಿದ್ದಾಳೆಂದು ಒಂದು ಗಳಿಗೆ ಹಿಗ್ಗಿದೆ. ಹಿಗ್ಗಿನಲ್ಲೇ ಕೇಳಿದೆ: "ಗೆಳತ್ಯಾರೆಲ್ಲಾ ಕೂಡಿ ಉಣ್ತಾರೇನು?"

ಆಕೆ ಬಜ್ಜಿ ತಿರುವಿಹಾಕಿದಳು. "ಇಲ್ರಿ. ಅವ್ರು ಗುಂಪು ಕಟ್ಕೊಂಡು ಮೆಸ್ಸಿಗೆ ಹೋಗ್ತಾರ, ಕ್ಯಾಂಟೀನಿಗೆ ಹೋಗ್ತಾರ. ಇಕಿ ಒಬ್ಬಾಕಿನ ಆ ಬೇವಿನ ಗಿಡದ ಕೆಳಗ ಕೂತು ಉಣ್ತಾಳ. ಮೊದ್ಲು ಅವ್ರೂ ಕರೀತಿದ್ರು. ಇಕಿ ಕ್ಯಾರಿಯರ್ ಎತ್ತಿ ತೋರಿಸ್ತಿದ್ಲು. ಆಮ್ಯಾಲ ಕರಿಯೋದು ಬಿಟ್ರು. ಒಂದು ಕಂದು ನಾಯಿ ಐತ್ರಿ, ಅದೊಂದು ತಪ್ಪದಂಗ ಬರ್ತೈತಿ."

ಇಷ್ಟು ದಿನ ನನ್ನ ರೊಟ್ಟಿಯ ಕೀರ್ತಿ ಮುಟ್ಟಿದ್ದು ಆ ಕಂದು ನಾಯಿಯವರೆಗೆ. ಯಾರಿಗೂ ಕೊಡಬೇಡ ಎಂದಿದ್ದೆನಲ್ಲ, ಹುಡುಗಿ ಮಾತು ಪಾಲಿಸಿದ್ದಳು. ನಾಯಿಗೆ ಕೊಡಬೇಡವೆಂದು ನಾನು ಹೇಳಿರಲಿಲ್ಲ.

ಆಮೇಲೆ ನೋಡಿದೆ. ಹುಡುಗಿಯರು ಮೂವರು ನಾಲ್ವರು ಕೈಕೈ ಹಿಡಿದು, ಒಬ್ಬಳ ದುಪಟ್ಟಾ ಇನ್ನೊಬ್ಬಳು ಎಳೆಯುತ್ತ ಕ್ಯಾಂಟೀನಿನ ಕಡೆ ಹೋಗುತ್ತಿದ್ದರು. ಅವರೆಲ್ಲ ಹೋದ ಮೇಲೆ, ದಾರಿ ಖಾಲಿಯಾದ ಮೇಲೆ, ಗಿರಿಜೆ ಬಂದಳು. ನನ್ನನ್ನು ಕಂಡು ಓಡಿಬಂದು ತಬ್ಬಿಕೊಂಡಳು.

"ಇಷ್ಟು ದಿನ ಯಾಕ ಹೇಳ್ಲಿಲ್ಲ?" ಎಂದೆ.

ಬಜ್ಜಿಯವಳ ಕಡೆ ಒಮ್ಮೆ ನೋಡಿದಳು, ಯಾವುದರ ಮಾತೆಂದು ಕೇಳಲಿಲ್ಲ. "ಏನಂತ ಹೇಳ್ಲಿ ಅಜ್ಜಿ? ಕತ್ತಲಿದ್ದಾಗ ಎದ್ದು ರೊಟ್ಟಿ ಬಡೀತೀ. ಅಪ್ಪ ಅವ್ವ ಕೆಲಸಕ್ಕ ಹೋಗ್ತಾರ. ಬುತ್ತಿ ಬ್ಯಾಡ ಅಂದುಬಿಟ್ರ ಇಡೀ ದಿನ ನೀ ಏನ್ಮಾಡ್ತೀ?"

ನೋಡಿ. ನಾನು ಅವಳ ಹೊಟ್ಟೆ ಕಾಯುತ್ತಿದ್ದೇನೆಂದು ಜಂಬಪಡುತ್ತಿದ್ದಾಗ ಅವಳು ನನ್ನ ಹೊತ್ತು ಕಾಯುತ್ತಿದ್ದಳು.

ಸಿಕ್ಕಿಬಿದ್ದಾಗ ನಾನು ಜೋರು ಮಾಡುತ್ತೇನೆ. "ನಡಿ, ಇಲ್ಲಿ ಎಲ್ಲೆಲ್ಲಿ ಏನೇನು ಸಿಗ್ತೈತಿ ತೋರಿಸು" ಎಂದೆ. ತೋರಿಸಿದಳು. ಈ ಬಜ್ಜಿ ಅಂಗಡಿಯ ಉಗ್ಗಾಣಿಗೆ ಬೆಳಿಗ್ಗೆ ಸಾಲು ನಿಲ್ಲುತ್ತಾರಂತೆ. ಉಗ್ಗಾಣಿ ಎಂದರೆ ಬೇರೇನಲ್ಲ, ನಮ್ಮ ಮಂಡಕ್ಕಿ ಒಗ್ಗರಣೆಯೇ ತೆಲುಗು ಮಾತಾಡುವುದು. ರಸ್ತೆಯಾಚೆ ಪಲ್ಯ ಮಾರುವ ಕರ್ರಿ ಪಾಯಿಂಟಿನಲ್ಲಿ ಗೋಂಗೂರ, ನಮ್ಮ ಪುಂಡಿಪಲ್ಯ, ಬೇಗ ಮುಗಿಯುತ್ತದಂತೆ. ಲೈಬ್ರರಿಯ ಹಿಂದಿನ ಚಹದವನು ಶುಂಠಿ ಜಾಸ್ತಿ ಹಾಕುತ್ತಾನಂತೆ. ಹಾಸ್ಟೆಲಿನ ಮೆಸ್ಸಿನಲ್ಲಿ ಭಾನುವಾರದ ಊಟಕ್ಕೆ ಮಾತ್ರ ಎಲ್ಲರೂ ಸ್ನಾನ ಮಾಡಿ ಬರುತ್ತಾರಂತೆ. ಎಲ್ಲವೂ ಅವಳಿಗೆ ಗೊತ್ತು, ಯಾವುದೂ ನಾಲಿಗೆಗೆ ಗೊತ್ತಿಲ್ಲ. ಪರವೂರಿನ ಜಾತ್ರೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದವಳ ಹಾಗೆ ಹೇಳುತ್ತಿದ್ದಳು.

ಕ್ಯಾಂಟೀನಿಗೆ ಎಳೆದುಕೊಂಡು ಹೋದೆ. ಅವಳ ಕ್ಲಾಸಿನ ಹುಡುಗಿಯರು ಒಂದು ಮೇಜು ಹಿಡಿದಿದ್ದರು. ನಾನೇ ಹೋಗಿ ನಡುವೆ ಕ್ಯಾರಿಯರ್ ಕುಕ್ಕಿ ಹೋಳಿಗೆ ಬಿಚ್ಚಿದೆ. ತಡವಾದರೇನು, ಒಂದು ಹೋಳಿಗೆಯಿಂದ ಎಲ್ಲ ಸರಿಮಾಡಿಬಿಡುತ್ತೇನೆ ಎಂಬ ಹಮ್ಮು ನನ್ನದು. ಮಕ್ಕಳು ಬಹಳ ಒಳ್ಳೆಯವರು. ಗಿರಿಜೆಗೆ ಹುಟ್ಟುಹಬ್ಬದ ಹಾರೈಕೆ ಹೇಳಿದರು, ಜಾಗ ಮಾಡಿಕೊಟ್ಟರು, "ರೋಜೂ ರಾ ಅವ್ವಾ", ದಿನಾ ಬಾ ಎಂದು ಬೆರಳು ನೆಕ್ಕಿದರು. ನಾನೂ ಬಿಡಲಿಲ್ಲ, ಅವರ ಸಾಂಬಾರು ಒಂದು ಚಮಚ ಕುಡಿದು "ಇದರಲ್ಲಿ ಬೇಳೆ ಈಜು ಕಲಿಯೋಕೆ ಹೋಗಿ ಮುಳುಗಿದೆ" ಎಂದು ತೆಲುಗಿನಲ್ಲಿ ಹೇಳಿದೆ. ನಗೆಯೋ ನಗೆ. ಆಗ ಒಬ್ಬಳು, "ಅದೇ, ಆವತ್ತಿನ ಸಾಂಬಾರು!" ಎಂದಳು, ಅಷ್ಟೇ. ಉಳಿದವರೆಲ್ಲ ಮೇಜು ಬಡಿದು, ಒಬ್ಬರ ಮೇಲೊಬ್ಬರು ಬಿದ್ದು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಯಾವತ್ತಿನ ಸಾಂಬಾರು, ಏನಾಗಿತ್ತು, ಯಾರೂ ಹೇಳಲಿಲ್ಲ. ಹೇಳಬೇಕಾಗಿದ್ದೂ ಇಲ್ಲ, ಅವರೆಲ್ಲ ಆವತ್ತು ಅಲ್ಲಿದ್ದರು.

ಗಿರಿಜೆಯೂ ನಕ್ಕಳು. ಅವರ ಮುಖ ನೋಡಿ, ಚೂರು ತಡವಾಗಿ.

ಆ ಚೂರು ತಡವನ್ನು ನಾನು ವಾಪಸು ಬರುವ ಬಸ್ಸಿನುದ್ದಕ್ಕೂ ಹೊತ್ತು ತಂದೆ. ಖಾಲಿ ಕ್ಯಾರಿಯರ್ ಅಷ್ಟು ಭಾರವಾಗಿದ್ದು ಅದೇ ಮೊದಲು. ಹೋಳಿಗೆ ಕಳಿಸಬಹುದು, ಉಪ್ಪಿನಕಾಯಿ ಕಳಿಸಬಹುದು. ಕೆಟ್ಟ ಸಾಂಬಾರನ್ನು ಒಟ್ಟಿಗೆ ಕೂತು ಬೈದ ಆ ಒಂದು ಮಧ್ಯಾಹ್ನವನ್ನು ಯಾವ ಬಸ್ಸಿಗೆ ಹಾಕಿ ಕಳಿಸಲಿ?

ಅಣ್ಣನ ನೆನಪಾಯಿತು. ಅವನಿಗೆ ಹಿಂದೂಪುರದ ರೂಮಿನ ಗೆಳೆಯರು ಸಾಯುವವರೆಗೂ ಗೆಳೆಯರು. ಅವನ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಇಬ್ಬರು ಅವರೇ. ಅದೆಲ್ಲ ಬಸ್ಸಿನ ಬುತ್ತಿಯ ಪುಣ್ಯ ಎಂದು ನಾನು ನಂಬಿದ್ದೆ. ನಂಬಿಕೆ ತಪ್ಪಲ್ಲ, ಅರ್ಧ. ಅಲ್ಲಿ ಎಲ್ಲರಿಗೂ ಬುತ್ತಿ ಬರುತ್ತಿತ್ತು. ನೆಲದ ಮೇಲೆ ಪೇಪರು ಹಾಸಿ ಅಷ್ಟೂ ಕ್ಯಾರಿಯರ್ ಒಟ್ಟಿಗೆ ಬಿಚ್ಚುತ್ತಿದ್ದರಂತೆ. ಯಾರದು ಯಾರ ಬಾಯಿಗೆ ಹೋಯಿತೆಂದು ಲೆಕ್ಕವಿಲ್ಲ. ನಮ್ಮವ್ವ ಇಡುತ್ತಿದ್ದ ಮುದ್ದೆ ಅಣ್ಣನ ಹೊಟ್ಟೆಗಿಂತ ಯಾವಾಗಲೂ ದೊಡ್ಡದಿರುತ್ತಿತ್ತು. ಲೆಕ್ಕ ಬಾರದ ಹೆಂಗಸು ಎಂದು ನಾನು ನಗುತ್ತಿದ್ದೆ. ಅವಳಿಗೆ ಲೆಕ್ಕ ಬರುತ್ತಿತ್ತು. ನಾನು ಅವಳಿಂದ ಕ್ಯಾರಿಯರ್ ಕಲಿತೆ, ಬಸ್ಸು ಕಲಿತೆ, ಕೆಂಪು ಬಟ್ಟೆ ಕಲಿತೆ. ಆ ಹೆಚ್ಚಿನ ತುತ್ತನ್ನು ಕಲಿಯಲಿಲ್ಲ.

ಮಾರನೇ ದಿನದಿಂದ ಬುತ್ತಿ ನಿಲ್ಲಿಸಿದೆ. ಗಿರಿಜೆ ಮೆಸ್ಸಿಗೆ ಸೇರಿದ್ದಾಳೆ. ಜಾಗ ಕೊಡುತ್ತಾರಂತೆ, ಮಾತಾಡಿಸುತ್ತಾರಂತೆ. ಆದರೆ ಪರೀಕ್ಷೆ ಹತ್ತಿರ ಬಂತು. ಹಾಲು ಈಗ ಕಾಯಿಸಿ, ಹೆಪ್ಪು ಈಗ ಹಾಕಿ, ಈಗಿಂದೀಗಲೇ ಗಟ್ಟಿ ಮೊಸರು ಬೇಕೆಂದರೆ ಹೇಗೆ?

ನನ್ನ ಹೊತ್ತಿನ ಚಿಂತೆ ಅವಳಿಗೆ ಹೋಗಿರಲಿಲ್ಲ. ಅದಕ್ಕೆ ನಾನೇ ಒಂದು ಕೆಲಸ ಹುಡುಕಿಕೊಂಡೆ. ಹಳೇ ಕಂಡಕ್ಟರ್ ಇರುವ ಶನಿವಾರ ಬೆಳಿಗ್ಗೆ ಖಾಲಿ ಕ್ಯಾರಿಯರ್ ಕಳಿಸುತ್ತೇನೆ. 'ನೀ ಉಂಡಿದ್ದು ನನಗೂ ಕಳಿಸು' ಎಂದು ಟೈಪ್ ಮಾಡಿದೆ. "ಏನ್ರಿ ಅಜ್ಜಿ, ಇದು ಉಲ್ಟಾ ಸರ್ವೀಸು!" ಎಂದು ಅವನು ನಗುತ್ತಾನೆ. ನಗಲಿ. ಸಂಜೆ ಕೆಂಪು ಬಟ್ಟೆ ಬಿಚ್ಚಿದರೆ ಮೆಸ್ಸಿನ ಪಪ್ಪು ಎಂಬ ತೊವ್ವೆ, ಮೆಸ್ಸಿನ ಅನ್ನ, ಒಂದು ಮೂಲೆಯಲ್ಲಿ ಆ ಕಣೇಕಲ್ಲಿನವಳ ಬಜ್ಜಿ.

ಶಾಂತಾ ಬಾಗಿಲಿಗೆ ಆತು ನಿಂತು ನೋಡುತ್ತಾಳೆ. "ಎಮ್ಮಿಗೆ ಇಡ್ಲೇನ್ರಿ ಅತ್ತೆಮ್ಮಾ?"

"ಎಮ್ಮೀನ ಉಣ್ಣಾಕ ಕುಂತೈತಿ, ಸುಮ್ನಿರು" ಎನ್ನುತ್ತೇನೆ.

ಮೊದಲ ಶನಿವಾರ ಮೊದಲ ತುತ್ತಿಗೇ ಗೊತ್ತಾಯಿತು. ಅಷ್ಟು ದೂರದ ಬಿಸಿಲಿಗೆ ಪಪ್ಪು ಹುಳಿಯೊಡೆದಿತ್ತು, ಅನ್ನ ಗಟ್ಟಿಯಾಗಿತ್ತು, ಬಜ್ಜಿ ಹಸಿಬಟ್ಟೆಯಾಗಿತ್ತು. ಆಮೇಲೆ ಹೊಳೆಯಿತು. ಬಿಸಿಲು ಅಲ್ಲಿಂದ ಇಲ್ಲಿಗೆ ಬರುವ ಬಸ್ಸಿಗೊಂದು, ಇಲ್ಲಿಂದ ಅಲ್ಲಿಗೆ ಹೋಗುವ ಬಸ್ಸಿಗೊಂದು ಇರುವುದಿಲ್ಲ. ನನ್ನ ಎಣ್ಣೆಗಾಯಿಯೂ ಅಷ್ಟೂ ದಿನ ಹೀಗೇ ಹೋಗಿ ಮುಟ್ಟುತ್ತಿತ್ತು.

ಈ ಶನಿವಾರವೂ ಉಣ್ಣುವಾಗ ಫೋನು ಗುಂಯ್ ಎಂದಿತು. 'ಉಂಡ್ಯಾ ಅಜ್ಜಿ?'

ಕೈ ತೊಳೆದು ಬಂದು 'ಉಂಡೆ' ಎಂದು ಒತ್ತಿದೆ. ಮುಂದೆ 'ಚೊ' ಎಂದು ಹಚ್ಚುವಷ್ಟರಲ್ಲಿ ಮೇಲೆ 'ಚೊಲೋ ಇತ್ತು' ಎಂದು ಬಂದು ಸಿದ್ಧವಾಗಿ ನಿಂತಿತ್ತು. ಅವಳ ಫೋನಿಗೂ ಇದು ಇಷ್ಟೇ ರೂಢಿಯಾಗಿದ್ದಿರಬೇಕು. ಒತ್ತಿ ಕಳಿಸಿದೆ.