ಜೆಂಡಾ ಕಟ್ಟದ ಬಾಗಿಲು

ಅನಸೂಯಾಳನ್ನು ನಮ್ಮೂರು ಮಕ್ತಲದಿಂದ ಓಡಿಸಿದವಳು ನಾನು. ಜೆಂಡಾ ಕಟ್ಟುವ ಹುಡುಗರಲ್ಲ, ವಾಟ್ಸಾಪಿನ ಮಂದಿಯಲ್ಲ — ನಾನು. ಇಷ್ಟು ವರ್ಷ ಯಾರು ಕೇಳಿದರೂ "ಪಾಪ, ಆಕಿಗೆ ಇಲ್ಲಿ ನಡೀಲಿಲ್ಲ, ಗದ್ವಾಲಕ್ಕ ಅಕ್ಕನ ಕಡೆ ಹೋದಳು" ಎಂದು ಹೇಳಿಕೊಂಡು ಬಂದೆ. ಹಸಿ ಸುಳ್ಳು. ಹೇಳಿ ಹೇಳಿ ನನಗೇ ಸಾಕಾಗಿದೆ.

ಅನಸೂಯಾ ನಮ್ಮ ಎದುರು ಮನೆಯವಳು. ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಬೆಳಿಗ್ಗೆ ಆಕೆ ರೊಟ್ಟಿ ಬಡಿಯುವ ಸಪ್ಪಳಕ್ಕೇ ನಮ್ಮ ಓಣಿ ಏಳುತ್ತಿತ್ತು. ಗಂಡ ಸಂಗಪ್ಪ ಉಟ್ಕೂರಿಗೆ ಆಟೋ ಓಡಿಸುತ್ತಿದ್ದ. ಆ ವರ್ಷ ಯುಗಾದಿ ಆದ ಮೇಲೆ ಎದೆನೋವೆಂದು ಮಲಗಿದವನು ಏಳಲೇ ಇಲ್ಲ. ಹೆಣದ ಮುಂದೆ ಅನಸೂಯಾಳನ್ನು ಅವುಚಿಕೊಂಡು ಕೂತವಳು ನಾನು. ದಿನಕರ್ಮದ ಊಟಕ್ಕೆ ಬಂದವರಿಗೆ ಬಡಿಸಿದವಳೂ ನಾನು. ನಮ್ಮ ಕಡೆ ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಬಾಗಿಲಿಗೆ ಏನೂ ಕಟ್ಟುವುದಿಲ್ಲ — ತೋರಣವಿಲ್ಲ, ಹೂವಿಲ್ಲ, ಒಂದು ದಾರದ ಎಳೆಯೂ ಇಲ್ಲ. ಇದು ನನಗೆ ಗೊತ್ತಿತ್ತು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಪರವಾಗಿ "ತಿಳೀಲಾರದ ಮಾಡ್ಯಾಳ" ಅನ್ನಬಾರದು. ತಿಳಿದೇ ಮಾಡಿದೆ.

ಆಗಸ್ಟ್ ಬಂತು. ಹದಿನೈದನೇ ತಾರೀಖಿನ ಹೆಂಗಸರ ಮೆರವಣಿಗೆಗೆ ನನ್ನನ್ನು ಮುಂದೆ ಮಾಡಿದ್ದರು. ನನಗೋ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಾರಾಯಣಪೇಟೆಗೆ ಹೋಗಿ ನಾಲ್ಕಾರು ಅಂಗಡಿ ಎಡತಾಕಿ, ಬಿಳಿ ಒಡಲಿಗೆ ಕೇಸರಿ-ಹಸಿರು ಅಂಚಿನ ಸೀರೆಯೇ ಬೇಕೆಂದು ಹಟ ಹಿಡಿದು ತಂದೆ. ಅದನ್ನುಟ್ಟು, ಓಣಿಯ ಈ ತುದಿಯಿಂದ ಆ ತುದಿಗೆ ಪ್ರತಿ ಬಾಗಿಲಿಗೂ ಜೆಂಡಾ ಹಾರುವುದನ್ನು ವಿಡಿಯೋ ಮಾಡಿ ಊರಿನ ಗ್ರೂಪಿಗೆ ಹಾಕಬೇಕು — ನನ್ನ ಆಸೆ ಅಷ್ಟೇ. ಬಸ್ ಸ್ಟ್ಯಾಂಡ್ ಕಡೆಯ ಹುಡುಗರು, ನಮ್ಮ ಓಣಿಯ ಸಾವುನೋವು ತಿಳಿಯದವರು, ಜೆಂಡಾ ಕಟ್ಟುತ್ತಾ ಬಂದರು. ಅನಸೂಯಾಳ ಬಾಗಿಲಿಗೆ ಬಂದಾಗ ಆಕೆ ಹೊರಗೆ ಬಂದು ಕೈಮುಗಿದು, "ಈ ವರ್ಷ ಬ್ಯಾಡ್ರಪ್ಪಾ" ಅಂದಳು. ಯಾಕೆಂದು ಹೇಳದೆ ಒಳಗೆ ಹೋದಳು. ಹೋದ ವರ್ಷದ ತನಕ ಆ ಬಾಗಿಲಿಗೂ ಆಟೋಕ್ಕೂ ಜೆಂಡಾ ಕಟ್ಟುತ್ತಿದ್ದವನು ಸಂಗಪ್ಪನೇ.

ಹುಡುಗರು ನನ್ನ ಕಡೆ ತಿರುಗಿದರು. "ಯಾಕ್ರೀ ಅಕ್ಕಾ, ಯಾಕ ಬ್ಯಾಡಂತ?"

ಸಾವಿನ ಮನಿ — ಎರಡೇ ಎರಡು ಮಾತು. ಅವು ನಾಲಿಗೆಯ ತುದಿಯಲ್ಲೇ ಇದ್ದವು. ಆದರೆ ನನ್ನ ವಿಡಿಯೋ ಕೆಟ್ಟಿತ್ತು, ಅಷ್ಟು ಬಾಗಿಲುಗಳ ನಡುವೆ ಒಂದು ಬೋಳು ಬಾಗಿಲು, ನನ್ನ ಹೊಸ ಸೀರೆ, ನನ್ನ ಸಿಟ್ಟು —

"ಅಭಿಮಾನ ಇದ್ದೋರು ಕಟ್ತಾರಪ್ಪಾ" ಅಂದೆ.

ಹುಡುಗರು ಬೋಳು ಬಾಗಿಲನ್ನು ಮಾತ್ರ ಬೇರೆಯಾಗಿ ಫೋನಿನಲ್ಲಿ ಹಿಡಿದರು. ನನ್ನ ಮಾತನ್ನೂ ಅದಕ್ಕೇ ಜೋಡಿಸಿ ಗ್ರೂಪಿಗೆ ಬಿಟ್ಟರು. ಸಂಜೆಯೊಳಗೆ ಊರೆಲ್ಲ ಸುತ್ತಿ ಬಂತು. ಆಕೆಯ ರೊಟ್ಟಿ ತರಿಸುತ್ತಿದ್ದ ಹೋಟೆಲಿನವನು "ನಾಳಿಂದ ಬ್ಯಾಡ" ಅಂದ. ಮನೆಮನೆಯ ಗಿರಾಕಿಗಳು ಒಬ್ಬೊಬ್ಬರಾಗಿ ಬಿಟ್ಟರು. ಓಣಿಯವರಿಗೆ ಗೊತ್ತಿರಲಿಲ್ಲವೇ? ಎಲ್ಲರಿಗೂ ಗೊತ್ತಿತ್ತು. ಆದರೆ ನಾನೇ ಸುಮ್ಮನಿರುವಾಗ ಅವರೇಕೆ ಬಾಯಿ ಬಿಡುತ್ತಾರೆ? ಬಿಟ್ಟರೆ ನಾಳೆ ಅವರ ಅಭಿಮಾನವನ್ನೂ ಯಾರಾದರೂ ಕೇಳಿಯಾರು ಎಂಬ ಭಯ.

ಅನಸೂಯಾ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದಳು. ಹೊಸ್ತಿಲು ದಾಟಲಿಲ್ಲ. "ಅಕ್ಕಾ, ನಿಮಗ ಎಲ್ಲಾ ಗೊತ್ತೈತಿ. ನಾನು ಹೇಳಿದರ ಯಾರೂ ಕೇಳವಲ್ಲರು. ನೀವೊಂದು ಮಾತು ಹೇಳ್ರಿ ಅವರಿಗೆ."

"ನೋಡೋಣ ತಡಿಯವ್ವಾ" ಅಂದೆ. ನೋಡಲಿಲ್ಲ. ಹೇಳಿದರೆ ನಾನು ಸುಳ್ಳಿ ಆಗುತ್ತಿದ್ದೆ, ಮುಂದಿನ ವರ್ಷ ಮೆರವಣಿಗೆಗೆ ಬೇರೆಯವರು ಮುಂದೆ ನಿಲ್ಲುತ್ತಿದ್ದರು. ದಸರೆಯ ಹೊತ್ತಿಗೆ ಆಕೆ ಹಂಚು, ಹಿಟ್ಟು ನಾದುವ ಕೊಣಮಿಗೆ, ಹಾಸಿಗೆ ಎಲ್ಲ ಕಟ್ಟಿಕೊಂಡು ಗದ್ವಾಲದ ಬಸ್ ಹತ್ತಿದಳು. ಆಕೆ ಓಣಿ ದಾಟುವುದನ್ನು ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಹೊರಗೆ ಬರಲಿಲ್ಲ.

ಅಲ್ರೀ, ಈಗ ನನ್ನನ್ನೇ ನಾನು ಕೇಳಿಕೊಳ್ಳುತ್ತೇನೆ — ಯಾತರ ಅಭಿಮಾನ ಅದು? ಈ ದೇಶದಲ್ಲಿ ಹುಟ್ಟಲಿಕ್ಕೆ ನಾನೇನು ಕಷ್ಟಪಟ್ಟೆ? ಕಷ್ಟಪಟ್ಟವಳು ನಮ್ಮವ್ವ. ನಮ್ಮಜ್ಜಿ ನಿಜಾಮರ ಕಾಲದಲ್ಲಿ ಹುಟ್ಟಿದವಳು. ಅದೇ ಮನೆಯಲ್ಲಿ, ಅದೇ ಕಟ್ಟೆಯ ಮೇಲೆ ಕೂತಲ್ಲೇ ಕೂತಿದ್ದಳು — ನಿಜಾಮರು ಹೋದರು, ಆಂಧ್ರ ಬಂತು, ತೆಲಂಗಾಣ ಬಂತು. ಆಕೆ ಎದ್ದು ಎಲೆಯಡಿಕೆ ಉಗುಳಿ ಬಂದಿದ್ದು ಬಿಟ್ಟರೆ ಎಲ್ಲಿಗೂ ಹೋಗಲಿಲ್ಲ. ಯಾವುದಕ್ಕೆ ಹೆಮ್ಮೆ ಪಡಬೇಕಿತ್ತು ಆ ಮುದುಕಿ? ಮನೆಯಲ್ಲಿ ಕನ್ನಡ, ಬಜಾರದಲ್ಲಿ ತೆಲುಗು, ತಹಸೀಲಿಗೆ ಹೋದರೆ ಅರ್ಧ ಉರ್ದು — ಇದರಲ್ಲಿ ನಾವು ಆರಿಸಿಕೊಂಡದ್ದು ಏನಿದೆ? ಅನಸೂಯಾಳ ರೊಟ್ಟಿ ಹಾಳೆಯ ಹಾಗೆ ತೆಳ್ಳಗಿರುತ್ತಿತ್ತು. ಅದಕ್ಕೆ ಆಕೆ ಹೆಮ್ಮೆ ಪಟ್ಟಿದ್ದರೆ ನ್ಯಾಯ, ಅದು ಆಕೆಯ ಕೈ ಮಾಡಿದ್ದು. ನನ್ನ ಕೈ ಮಾಡಿದ್ದೇನು? ಸೀರೆ ಕೊಂಡಿತು, ಫೋನ್ ಹಿಡಿಯಿತು.

ದೇಶದ ಮೇಲೆ ಪ್ರೀತಿ ಇಲ್ಲವೇ ಅಂದರೆ ಇದೆ. ಶಾಲೆಯ ಹುಡುಗರು ಜೆಂಡಾ ಹಿಡಿದು ಹೋಗುವಾಗ ಈಗಲೂ ನನಗೆ ಕಣ್ಣಲ್ಲಿ ನೀರು ಬರುತ್ತದೆ. ಪ್ರೀತಿ ಅನ್ನಿ, ಒಪ್ಪುತ್ತೇನೆ. ಆದರೆ ಈ ಹೆಮ್ಮೆ ಇದೆಯಲ್ಲ, ಇದಕ್ಕೆ ತಾನಿದ್ದರೆ ಸಾಲದು, ಇಲ್ಲದವರೊಬ್ಬರು ಎದುರಿಗೆ ಬೇಕು. ನನಗೆ ಎದುರು ಮನೆಯವಳೇ ಸಿಕ್ಕಳು.

ಈ ಬೇಸಿಗೆಯಲ್ಲಿ ನಮ್ಮತ್ತೆ ತೀರಿಕೊಂಡರು. ಮೊನ್ನೆ ಜೆಂಡಾ ಕಟ್ಟುವವರು ಬಂದರು — ಅದೇ ಹುಡುಗರು, ಈಗ ಮೀಸೆ ಬಂದಿದೆ. ಬಾಗಿಲಲ್ಲಿ ನಿಂತು, ಆಕೆ ಅಂದಷ್ಟೇ ಅಂದೆ: "ಈ ವರ್ಷ ಬ್ಯಾಡ್ರಪ್ಪಾ."

"ಗೊತ್ತೈತಿ ಬಿಡ್ರೀ ಅಕ್ಕಾ, ಸಾವಿನ ಮನಿ. ನಿಮ್ಮ ಅಭಿಮಾನ ನಮಗೇನ್ ಗೊತ್ತಿಲ್ಲೇನು?" ಎಂದು ನಕ್ಕು ಮುಂದಿನ ಮನೆಗೆ ಹೋದರು.

ಅವರ ಬೆನ್ನಿಗೆ ಹೋಗಿ ಕೊರಳಪಟ್ಟಿ ಹಿಡಿದು ಅಲ್ಲಾಡಿಸಬೇಕು ಅನಿಸಿತು. ಅವರನ್ನಲ್ಲ, ನನ್ನನ್ನು. ಕೂಗಿ ಕರೆದು ನಿಲ್ಲಿಸಿದೆ, ಅನಸೂಯಾಳ ಸಂಗತಿ ಹೇಳಿದೆ. ಒಬ್ಬ ತಲೆ ಕೆರೆದುಕೊಂಡ, "ಯಾರ್ರೀ ಅನಸೂಯಾ?" ಅಂದ. ಊರಿನ ಗ್ರೂಪಿಗೆ ನನ್ನ ಬಾಯಿಂದಲೇ ಎಲ್ಲ ಹೇಳಿ ಕಳಿಸಿದೆ. ಬಂದದ್ದೇನು? ಮೂರು ಬಣ್ಣದ ಹೃದಯ, ಕೈಮುಗಿದ ಚಿತ್ರ, ಹಬ್ಬದ ಶುಭಾಶಯ. ಕೇಳಿಸಿಕೊಂಡವರು ಯಾರೂ ಇಲ್ಲ! ಒಬ್ಬಳ ಬದುಕು ಕೆಡಿಸುವ ಮಾತಾದರೆ ಅಷ್ಟು ಮಂದಿ ಕೇಳಿದ್ದರಲ್ಲ.

ನಾಳೆ ಗದ್ವಾಲಕ್ಕೆ ಹೋಗುತ್ತೇನೆ. ಆಕೆ ಅಲ್ಲಿ ಬಾಗಿಲಿಗೆ ಜೆಂಡಾ ಕಟ್ಟಿದ್ದಾಳೋ ಇಲ್ಲವೋ, ನೋಡುವುದಿಲ್ಲ — ಕಟ್ಟಿದರೆ ಒಳ್ಳೆಯವಳು, ಇಲ್ಲದಿದ್ದರೆ ಕೆಟ್ಟವಳು ಎಂದು ಮತ್ತೆ ನಾನೇ ತಕ್ಕಡಿ ಹಿಡಿಯಲೇ? ಕ್ಷಮಿಸು ಅಂತಲೂ ಕೇಳುವುದಿಲ್ಲ, ಕ್ಷಮಿಸುವ ಭಾರವನ್ನೂ ಆಕೆಯ ತಲೆಗೇ ಏಕೆ ಹೊರಿಸಲಿ. ಹೊಸ್ತಿಲ ಹೊರಗೇ ನಿಂತು, ನಡೆದದ್ದನ್ನು ಆಕೆಯ ಅಕ್ಕನಿಗೂ ನೆರೆಹೊರೆಯವರಿಗೂ ಕೇಳುವಂತೆ ಹೇಳುತ್ತೇನೆ. ಇನ್ನೊಂದನ್ನೂ ಹೇಳಬೇಕು, ಅದೇ ಬಾಯಿಗೆ ಬರುತ್ತಿಲ್ಲ —

ಅನಸೂಯಾ, ಈ ವರ್ಷ ನಮ್ಮ ಬಾಗಿಲಿಗೂ ಏನೂ ಕಟ್ಟಿಲ್ಲ. ಯಾರೂ ಫೋಟೋ ಹಿಡಿಯಲಿಲ್ಲ.