ಫ್ರಿಜ್ಜಿನೊಳಗೆ ಚಳಿಗಾಲ ಮಾಡಿದವರು

ಮೇಲಿನ ಮನೆಯ ನರ್ಸಮ್ಮನನ್ನು ನಾನು ಮೊದಲು ಕಂಡಾಗ ಅವರ ತಲೆಯ ಮೇಲೆ ಕೆಂಪು ಉಣ್ಣೆಯ ಟೊಪ್ಪಿ, ಕಾಲಿಗೆ ಗಂಡಸರ ದಪ್ಪ ಕಾಲುಚೀಲ. ಹೊರಗೆ ದೋಹಾದ ಜುಲೈ ತಿಂಗಳು. ಬಾಲ್ಕನಿಯ ಕಂಬಿ ಮುಟ್ಟಿದರೆ ಕೈ ಸುಡುತ್ತಿತ್ತು. ಅವರ ಮನೆಯೊಳಗೆ ಮಾತ್ರ ಹಲ್ಲು ಕಟಕಟ ಅನ್ನುವಷ್ಟು ಎಸಿ.

"ಬೇಗ ಬಾಗಿಲು ಹಾಕಿ, ನನ್ನ ಪೇಷಂಟಿಗೆ ಸೆಕೆ ಆಗ್ತದೆ" ಎಂದರು. ಪೇಷಂಟು ಎಂದರೆ ಕಿಟಕಿಯ ಬಳಿ ಕುಂಡದಲ್ಲಿದ್ದ ಒಂದು ಗಿಡ!

ಅವರು ಬಂಟ್ವಾಳದ ಕಡೆಯವರು. ಯುರೋಪಿನ ಒಂದು ಗುಡ್ಡದ ಊರಿನಲ್ಲಿ ದುಡಿದು ಕತಾರಿಗೆ ಬಂದಿದ್ದರು. ಬರುವಾಗ ಅಲ್ಲಿನ ಕೊಲಂಬೈನ್ ಎಂಬ ಕಾಡುಹೂವಿನ ಬೀಜ ತಂದಿದ್ದರು; ಪೇಷಂಟು ಅದರಲ್ಲೇ ಹುಟ್ಟಿದ್ದು. ನಾನು ಶಂಕರಪುರದವಳು, ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ಮಲ್ಲಿಗೆ ಕೊಯ್ದವಳು. ಹೂವಿನ ವಿಷಯದಲ್ಲಿ ನನಗೆ ಸ್ವಲ್ಪ ಸೊಕ್ಕು. ಅವರು ಫ್ರಿಜ್ಜಿನಿಂದ ಮೊಸರಿನ ಡಬ್ಬಿ ತೆಗೆದು ತೋರಿಸಿದರು: ಒದ್ದೆ ಮರಳು, ಅದರಲ್ಲಿ ಮುಂದಿನ ಗಿಡಕ್ಕೆಂದು ಉಳಿಸಿದ ಮಿರಿಮಿರಿ ಕರಿ ಬೀಜ.

"ಬೀಜ ಹಾಕುವುದು ಮಣ್ಣಿಗಾ, ಫ್ರಿಜ್ಜಿಗಾ?" ಎಂದೆ.

"ಇದರ ಊರಲ್ಲಿ ಬೀಜ ಹಿಮದ ಅಡಿಯಲ್ಲಿ ಮಲಗ್ತದೆ, ಮಲ್ಲಿಗೆಯಮ್ಮ. ಇಲ್ಲಿ ಹಿಮ ಮಾಫಿ, ಇಲ್ಲವೇ ಇಲ್ಲ. ಹಾಗೆ ಫ್ರಿಜ್ಜು."

ಒಂದು ತಿಂಗಳು ಹಾಗೆ ಮಲಗಿಸಿ, ಆಳದ ಕುಂಡದಲ್ಲಿ ಮಣ್ಣಿನ ಮೇಲೆಯೇ ಉದುರಿಸಬೇಕಂತೆ. ಮಣ್ಣು ಮುಚ್ಚಬಾರದು, ಬೆಳಕು ಬೇಕು. ಮೊದಲ ವರ್ಷ ಬರೇ ಎಲೆ. ಆಮೇಲೆ ಗಿಡವನ್ನೇ ಚಳಿಗೆ ಇಡಬೇಕು. "ಬೀಜಕ್ಕೊಂದು ಚಳಿ, ಗಿಡಕ್ಕೊಂದು ಚಳಿ" ಎಂದು ಮತ್ತೆ ಮತ್ತೆ ಹೇಳುತ್ತಿದ್ದರು.

ನನ್ನ ಸಂಕಟ ಬೇರೆಯೇ ಇತ್ತು. ಯಾರಿಗಾಗಿ ಸಮುದ್ರ ದಾಟಿ ಬಂದೆನೋ, ಆ ಆರು ವರ್ಷದ ಮೊಮ್ಮಗಳು ನನ್ನ ಹತ್ತಿರವೇ ಬರುತ್ತಿರಲಿಲ್ಲ. ಶಾಲೆಯ ಇಂಗ್ಲಿಷಿನಲ್ಲೇ ಅವಳ ಮಾತು. ಒಮ್ಮೆಯೂ ಅಜ್ಜಿ ಎಂದು ಕರೆದದ್ದಿಲ್ಲ. ಮಾತಾಡಿಸಿದರೆ ಸೊಸೆಯ ಹಿಂದೆ ಅಡಗುವುದು. ನರ್ಸಮ್ಮನಲ್ಲಿ ಹೇಳಿಕೊಂಡು ಕಣ್ಣೀರು ಹಾಕಿದೆ.

"ಬಾಯಿ ಬಿಡಿಸಲಿಕ್ಕೆ ಹೋಗಬೇಡಿ. ಕೆಲಸ ಕೊಡಿ" ಎಂದರು.

ನವೆಂಬರಿನಲ್ಲಿ ತಮ್ಮ ಫ್ರಿಜ್ಜಿನ ಹಲಗೆ ತೆಗೆದು ಪೇಷಂಟಿನ ಕುಂಡವನ್ನೇ ಒಳಗಿಟ್ಟರು. ಅವರ ಮೀನುಸಾರು, ಹಾಲು, ಮೊಟ್ಟೆ ಎಲ್ಲ ನಮ್ಮ ಫ್ರಿಜ್ಜಿಗೆ ವಲಸೆ ಬಂತು! ಊಟಕ್ಕೆ ಕೆಳಗಿಳಿದು ಬರುವಾಗಲೆಲ್ಲ ಮೊಮ್ಮಗಳ ಕುತ್ತಿಗೆಗೆ ಸ್ಟೆತಸ್ಕೋಪು ಹಾಕಿ, "ಯಲ್ಲಾ, ನಡೀರಿ ಡಾಕ್ಟ್ರೇ, ರೌಂಡ್ಸಿಗೆ ಹೋಗುವ" ಎಂದು ಮೇಲೆ ಕರೆದೊಯ್ಯುವರು. ಹಿಂದಿನಿಂದ ನಾನು ಕಂಪೌಂಡರ್.

"ಪೇಷಂಟು ಹೇಗುಂಟು ಡಾಕ್ಟ್ರೇ?"

"ಸ್ಲೀಪಿಂಗ್."

"ಅದು ಬಂಟ್ವಾಳದ ಗಿಡ ಆಗಿದೆ ಈಗ. ಇಂಗ್ಲಿಷ್ ಖಲಾಸ್."

ಮೊಮ್ಮಗಳು ನಗುವಳು, ಕನ್ನಡದಲ್ಲಿ ತಡವರಿಸುವಳು. ಅವರೊಡನೆ ಮಾತ್ರ. ನನಗೆ ಏನು ಬೇಕಾದರೂ ಬೆರಳು ತೋರಿಸುವಳು, ಅಷ್ಟೇ.

ಫೆಬ್ರವರಿಯಲ್ಲಿ ಗಿಡ ಹೊರಗೆ ಬಂದು, ಬೆಳಗಿನ ಎಳೆ ಬಿಸಿಲಿರುವ ನಮ್ಮ ಬಾಲ್ಕನಿಯಲ್ಲಿ ನಿಂತಿತು. ಹೊಸ ಎಲೆ ಬಂತು, ದಂಟು ಬಂತು. ಒಂದು ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಎದ್ದು ನೋಡಿದರೆ ತಲೆ ಬಗ್ಗಿಸಿ ತೂಗುವ ನೇರಳೆ ಮೊಗ್ಗು! ಮಲ್ಲಿಗೆಯನ್ನು ಸೂರ್ಯ ಹುಟ್ಟುವ ಮೊದಲು ಮೊಗ್ಗಿನಲ್ಲೇ ಕೊಯ್ಯಬೇಕು, ಅರಳಿದರೆ ಯಾರೂ ಕೇಳುವುದಿಲ್ಲ. ಜೀವಮಾನವೆಲ್ಲ ಅದನ್ನೇ ಮಾಡಿದ ಕೈ ತಾನಾಗಿಯೇ ಹೋಯಿತು. ಉಗುರು ತೊಟ್ಟಿಗೆ ತಾಗಿತು.

"ಅಜ್ಜೀ! ಬೇಡ ಅಜ್ಜೀ! ಅದು ಓಪನ್ ಆಗ್ಲಿಲ್ಲ!"

ಹಿಂದಿನಿಂದ ಓಡಿ ಬಂದು ನನ್ನ ಮಣಿಕಟ್ಟಿಗೆ ಜೋತುಬಿದ್ದಿದ್ದಳು. ನಾನು ಮೊಗ್ಗನ್ನು ಬಿಟ್ಟು ಅವಳನ್ನೇ ಎತ್ತಿಕೊಂಡೆ. ಆ ಪ್ರಾಯದ ಮಗುವನ್ನು ಎತ್ತುವ ಸೊಂಟವೇ ನನ್ನದು! ಆದರೂ ಎತ್ತಿದೆ.

ಗಲಾಟೆ ಕೇಳಿ ನರ್ಸಮ್ಮ ಇಳಿದು ಬಂದರು. "ಎಂತ, ನನ್ನ ಪೇಷಂಟನ್ನು ಮಲ್ಲಿಗೆಯ ಹಾಗೆ ಚೆಂಡು ಕಟ್ಟಲಿಕ್ಕೆ ಹೊರಟಿದ್ರಾ?" ಎಂದು ಗದರಿದರು. ಮಗು ನನ್ನನ್ನು ಏನೆಂದು ಕರೆಯಿತೆಂದು ಹೇಳಿದೆ. ಗದರುವುದು ಅಲ್ಲಿಗೇ ನಿಂತಿತು. ಕನ್ನಡಕ ತೆಗೆದು ಸೆರಗಿನಲ್ಲಿ ಬಹಳ ಹೊತ್ತು ಒರೆಸಿದರು.

ಹೂ ಅರಳಿತು. ನೇರಳೆ ಲಂಗ, ಒಳಗೆ ಬಿಳಿ, ಹಿಂದಕ್ಕೆ ಹಕ್ಕಿಯ ಉಗುರಿನಂಥ ಕೊಂಬು. ಚಂದ ಇತ್ತು ಅಂತ ಎಲ್ಲರೂ ಹೇಳಿದರು. ನಾನು ಸರಿಯಾಗಿ ನೋಡಲಿಲ್ಲ, ನನ್ನ ಕಣ್ಣು ಮಗುವಿನ ಮೇಲೆಯೇ ಇತ್ತು.

ನರ್ಸಮ್ಮ ಈಗ ಕೆಲಸ ಮುಗಿಸಿ ಊರು ಸೇರಿದ್ದಾರೆ. ಮೊನ್ನೆ ಫೋನಿನಲ್ಲಿ ದೂರು ಹೇಳಿದೆ: "ಅಜ್ಜಿ ಅಜ್ಜಿ ಅಂತ ತಲೆ ತಿಂತಾಳೆ, ಕೂತುಕೊಳ್ಳಲಿಕ್ಕೆ ಬಿಡುವುದಿಲ್ಲ."

"ಮದ್ದು ಜಾಸ್ತಿ ಆಯ್ತು ಕಾಣ್ತದೆ" ಎಂದು ನಕ್ಕರು.

ಮೊಮ್ಮಗಳನ್ನು ಹೆತ್ತುಕೊಟ್ಟವಳು ಸೊಸೆ. ನನ್ನನ್ನು ಅಜ್ಜಿ ಮಾಡಿದವರು ಅವರು. ಇನ್ನೂ ಬರೆಯಲಿಕ್ಕಿತ್ತು, ಆದರೆ ಇಗೋ, ಕರೆಯುತ್ತಿದ್ದಾಳೆ.