ತಪ್ಪು ಒಪ್ಪಿಕೊಂಡ ಕನಕರಾಜು

ಮೀನಾ ಮೊದಲ ಸಲ ಕನಕರಾಜುವಿನ ಶೆಡ್ಡಿಗೆ ಬಂದದ್ದು ೨೦೦೮ರ ಮಳೆಗಾಲದ ಒಂದು ಬೆಳಿಗ್ಗೆ. ಚಪ್ಪಲಿ ಹೊರಗೆ ಬಿಟ್ಟು, ಮರದ ಹೊಟ್ಟಿನ ಮೇಲೆ ಹುಷಾರಾಗಿ ಕಾಲಿಡುತ್ತ ಒಳಗೆ ಬಂದಳು. ಹೆಗಲಲ್ಲಿ ರೆಕ್ಸಿನ್ ಬ್ಯಾಗು, ಕೈಯಲ್ಲಿ ನೀರಿಳಿಯುತ್ತಿದ್ದ ಕೊಡೆ. ಕನಕರಾಜು ಲೇತ್ ನಿಲ್ಲಿಸಿ, ಹೆಗಲ ಟವೆಲ್ಲಿನಿಂದ ಸ್ಟೂಲು ಒರೆಸಿ ಮುಂದಿಟ್ಟ.

"ಕೂತ್ಕಳಿ ಮೇಡಂ. ಇನ್ಶೂರೆನ್ಸ್ ಆದ್ರೆ ಆಗ್ಲೇ ಇಬ್ರು ಬಂದೋದ್ರು. ಎಲ್ರೂ ನಾನು ಸಾಯದನ್ನೇ ಕಾಯ್ತಾ ಅವ್ರೆ."

"ನಿಮ್ಮ ಜೀವದ್ದಲ್ಲ ಕಣಣ್ಣ, ನಿಮ್ಮ ಗಾಡೀದು" ಎಂದಳು ಮೀನಾ ನಗುತ್ತ.

ಹುಣಸೂರಿನ ಸುತ್ತ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಿಗೆ ಬಾಗಿಲು ಕೂರಿಸುತ್ತಿದ್ದ ಕನಕರಾಜು, ಎರಡು ವರ್ಷದಿಂದ ಮಕ್ಕಳು ನಡೆಯಲು ಕಲಿಯುವ ಮೂರು ಗಾಲಿಯ ಮರದ ಗಾಡಿ ಮಾಡುತ್ತಿದ್ದ. ಸೈಬರ್ ಸೆಂಟರಿನಲ್ಲಿ ಫೋಟೊ ಹಾಕಿಸಿ ಇಂಟರ್ನೆಟ್ಟಿನಲ್ಲಿ ಮಾರುತ್ತಿದ್ದ. ತಾನು ಕಂಡೇ ಇರದ ಊರುಗಳ ಮಕ್ಕಳು ತನ್ನ ಗಾಡಿ ಹಿಡಿದು ಹೆಜ್ಜೆ ಇಡುತ್ತವೆಂಬುದು ಅವನಿಗೆ ದೊಡ್ಡ ಹಿಗ್ಗು.

ಗಾಡಿಯಿಂದ ಯಾವುದಾದರೂ ಮಗುವಿಗೆ ಪೆಟ್ಟಾದರೆ ಮಾರಿದವನೇ ಹೊಣೆ, ಆಗ ಖರ್ಚನ್ನು ಕಂಪನಿ ಕೊಡುತ್ತದೆ ಎಂದು ಮೀನಾ ಬಿಡಿಸಿ ಹೇಳಿದಳು. ಕೆ.ಆರ್. ನಗರದ ಕಡೆಯ ರೈತರ ಮಗಳು, ಬಿ.ಕಾಂ. ಓದಿದವಳು. ಏಳುವ ಮುಂಚೆ ಇನ್ನೊಂದು ಮಾತು ಹೇಳಿದಳು: "ಏನಾದ್ರೂ ಆದ್ರೆ ಮೊದ್ಲು ನಂಗೆ ಫೋನ್ ಮಾಡಿ. ತಪ್ಪು ನಂದೇ, ಖರ್ಚು ನಾನೇ ಕೊಡ್ತೀನಿ ಅಂತ ಮಾತ್ರ ಯಾರ ಮುಂದೂ ಅನ್ಬೇಡಿ. ಅಂದ್ರೆ ಕಂಪ್ನಿ ಕೈ ಬಿಡ್ತದೆ."

ಕನಕರಾಜು ತಲೆಯಾಡಿಸಿ ಪಾಲಿಸಿಯ ಕಾಗದಕ್ಕೆ ಸಹಿ ಹಾಕಿದ.

ಮಾರನೆಯ ವರ್ಷ ಯುಗಾದಿಯ ಹೊತ್ತಿಗೆ ಮೈಸೂರಿನಿಂದ ಫೋನು ಬಂತು. ಮಾತಾಡಿದವರು ವೀರಭದ್ರಸ್ವಾಮಿ, ಗಾಡಿ ಕೊಂಡವರು. ಗಾಲಿ ಕಳಚಿ ಅವರ ಮಗು ಮುಗ್ಗರಿಸಿತ್ತು. ಮುರಿದ ಹಿಡಿಕೆ ಎಡಗಣ್ಣಿಗೆ ಚುಚ್ಚಿತ್ತು. "ನಿನ್ನ ಕೋರ್ಟಿಗೆ ಎಳೀದೆ ಬಿಡಲ್ಲ" ಎಂದು ಅವರು ಫೋನಿಟ್ಟರು.

ಕನಕರಾಜು ಮೀನಾಳ ನಂಬರು ಒತ್ತತೊಡಗಿದ. ತಾಯಿ ಭದ್ರಮ್ಮ ಅವನ ಕೈ ಹಿಡಿದಳು.

"ಯಾರಿಗ್ಲಾ ಫೋನು? ಮಗೀನ ಕಣ್ಣು ಹೋಗ್ಯದೆ, ಏಜೆಂಟಮ್ಮನ್ನ ಕೇಳ್ಕಂಡು ನೋಡಕ್ಕೆ ಹೋಗ್ಬೇಕಾ? ಕಾಯಿ ತಗಾ, ಬಾಳೆಹಣ್ಣು ತಗಾ, ನಡಿ."

ಅವರ ಊರಿನಲ್ಲಿ ನಡೆದುಬಂದದ್ದೇ ಹಾಗೆ. ನಮ್ಮ ಎತ್ತು ಇನ್ನೊಬ್ಬರ ಮಗುವಿಗೆ ತಿವಿದರೆ ಹೊತ್ತು ಮುಳುಗುವುದರೊಳಗೆ ಅವರ ಬಾಗಿಲಿಗೆ ಹೋಗಿ ತಪ್ಪಾಯ್ತು ಎನ್ನಬೇಕು. ಅವರು ನೀರು ಕೊಟ್ಟರೆ ಕುಡಿಯಬೇಕು. ಕುಡಿದ ಮೇಲೆ ಅವರೂ ದ್ವೇಷ ಎತ್ತುವಂತಿಲ್ಲ, ಇವರೂ ಮಾತು ತಿರುಗಿಸುವಂತಿಲ್ಲ.

ಆಸ್ಪತ್ರೆಯ ವರಾಂಡದಲ್ಲಿ, ಹತ್ತು ಜನರ ಎದುರು, ಕನಕರಾಜು ವೀರಭದ್ರಸ್ವಾಮಿಯವರ ಕಾಲು ಹಿಡಿದ. "ತಪ್ಪು ನಂದೇ ಸಾರ್. ಗಾಲಿ ಗೂಟ ಸಡ್ಲ ಕೂತಿತ್ತು. ಕಣ್ಣಿನ್ ಖರ್ಚೆಲ್ಲ ನಂದು."

ಅವರು ಕಾಲು ಹಿಂದಕ್ಕೆಳೆದುಕೊಂಡರು. ಆಮೇಲೆ ಮಗುವಿನ ತಾಯಿ ಕಣ್ಣೊರೆಸಿಕೊಂಡು, ಫ್ಲಾಸ್ಕಿನಿಂದ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟಳು. ಕನಕರಾಜು ಕುಡಿದ.

ಸಂಗತಿ ತಿಳಿದ ಮೀನಾ ತಲೆಯ ಮೇಲೆ ಕೈ ಹೊತ್ತು ಕೂತಳು. "ಒಂದ್ ಫೋನು ಅಣ್ಣ. ಒಂದೇ ಒಂದ್ ಫೋನು ಮಾಡ್ಬಾರ್ದಾಗಿತ್ತಾ?"

ವಾರದೊಳಗೆ ಕಂಪನಿಯ ಅಧಿಕಾರಿ ಅವಳ ಜೊತೆ ಶೆಡ್ಡಿಗೆ ಬಂದರು. ಕೆಟ್ಟ ಮನುಷ್ಯರೇನಲ್ಲ. "ಖರ್ಚು ನಾನೇ ಕೊಡ್ತೀನಿ ಅಂದ್ರಂತೆ. ಹೌದಾ?" ಎಂದು ಮೆತ್ತಗೆ ಕೇಳಿದರು. ಅವರ ಬೆನ್ನ ಹಿಂದೆ ನಿಂತಿದ್ದ ಮೀನಾ ಇಲ್ಲ ಎನ್ನಿ ಎಂದು ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಇಲ್ಲ ಎಂದುಬಿಟ್ಟರೆ ಮಗುವಿಗೆ ಡಾಕ್ಟರು ಹೇಳಿದ್ದ ಎರಡನೆಯ ಆಪರೇಷನ್ನಿಗೂ ದಾರಿಯಾಗಬಹುದು, ಲೇತೂ ಉಳಿಯಬಹುದು ಎಂದು ಕನಕರಾಜುವಿಗೂ ಗೊತ್ತಿತ್ತು.

"ಅಂದೆ ಸಾರ್. ಅವ್ರ ಕೈಯಾಗೆ ನೀರ್ ಕುಡ್ದಿವ್ನಿ. ಅಂದಿಲ್ಲ ಅಂತ ಯಾವ್ ಬಾಯಲ್ಲಿ ಯೋಳ್ಲಿ? ನಂಗ್ ಕೊಡ್ಬೇಡಿ ಸಾರ್, ಒಂದ್ ಕಾಸೂ ಬ್ಯಾಡ. ಆ ಮಗೀನ್ ಕಣ್ಣಿಗ್ ಕೊಡಿ!"

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. "ಕಂಪನಿ ಕಾನೂನು ಹಾಗಿದೆ ಕನಕರಾಜು, ನಾನೇನು ಮಾಡ್ಲಿ."

ಅವರು ಗೇಟು ದಾಟುವವರೆಗೂ ಕನಕರಾಜು ಕೈ ಮುಗಿದುಕೊಂಡು ಹಿಂದೆಯೇ ಹೋದ. "ಮಗೀನ್ ಕಣ್ಣು ಸಾರ್, ಮಗೀನ್ ಕಣ್ಣು" ಎಂದು ಜೀಪು ಹೊರಟ ಮೇಲೂ ಹೇಳುತ್ತಲೇ ಇದ್ದ.

ಲೇತ್ ಹೋಯಿತು, ಶೆಡ್ಡು ಹೋಯಿತು, ಆಮೇಲೆ ನಾಲೆಯ ಬದಿಯ ಗದ್ದೆಯೂ ಹೋಯಿತು. ಎರಡನೆಯ ಆಪರೇಷನ್ ನಡೆಯಿತು. ಮಗುವಿನ ಆ ಕಣ್ಣಿಗೆ ಬೆಳಕು ಕತ್ತಲೆಯಷ್ಟೇ ತಿಳಿಯುತ್ತದೆ.

ಈಗ ಕನಕರಾಜು ಪಿರಿಯಾಪಟ್ಟಣದ ಒಂದು ಸಾಮಿಲ್ಲಿನಲ್ಲಿ ದಿನಗೂಲಿಗೆ ಮರ ಕುಯ್ಯುತ್ತಾನೆ.